ಒಬ್ಬರೇ ವರದಿಗೆ ಹೊರಟವರಿಗೆ

ವಿಜಯಪುರ ಜಿಲ್ಲೆಯ ಟಿಕೋಟಾ, ಬಬಲೇಶ್ವರ ಕಡೆಯ ಸುದ್ದಿಗೆ ಬೈಕ್ ಹತ್ತುವ ಗೆಳೆಯರೇ, ಕ್ಯಾಮೆರಾ ಚಾರ್ಜ್ ಮಾಡುವ ಮೊದಲು ಒಬ್ಬರಿಗೆ ಫೋನ್ ಮಾಡಿ. ಯಾವ ದಾರಿ, ಯಾವ ಊರು, ಎಷ್ಟು ಹೊತ್ತಿಗೆ ಮತ್ತೆ ಕರೆ ಮಾಡುತ್ತೀರಿ ಎಂದು ತಿಳಿಸಿ. ಆ ಹೊತ್ತಿಗೆ ಕರೆ ಬರದಿದ್ದರೆ ಅವರು ಯಾರನ್ನು ಎಚ್ಚರಿಸಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಹೆಚ್ಚಿನವರು ಇದನ್ನೇ ಬಿಡುತ್ತಾರೆ.

ಡೋಣಿಯನ್ನು ಹಗುರವಾಗಿ ಕಾಣಬೇಡಿ. ಹೂಳು ತುಂಬಿದ ಈ ಹೊಳೆ ಜೋರು ಮಳೆಗೆ ಬೇಗ ಉಕ್ಕುತ್ತದೆ. ಒಂದಡಿ ಹರಿವ ನೀರು ಸಣ್ಣ ಕಾರನ್ನೂ ತೇಲಿಸಬಲ್ಲದು, ಬೈಕಿನ ಮಾತಂತೂ ಬೇಡ. ಸೇತುವೆ ಮುಳುಗಿದ ಚಿತ್ರ ಈಚೆ ದಡದಿಂದಲೇ ಸಾಕು. ಎರೆಭೂಮಿಯ ಹಾದಿಯಲ್ಲಿ ಚಕ್ರ ಹೂತರೆ ಕತ್ತಲೊಳಗೆ ಮುಂದೆ ನಡೆಯಬೇಡಿ. ಹತ್ತಿರದ ತೋಟದ ಮನೆಯವರನ್ನು ಕೂಗಿ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ; ಕಚ್ಚಿದ ಅಂಗ ಅಲುಗಿಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿ. ಪೊಲೀಸರ ನೆರವಿಗೆ 112.

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ನೂಕುನುಗ್ಗಲಿನಲ್ಲಿ ಫೋನ್ ಕರೆ ಸಿಗದಿರಬಹುದು, ಎಸ್ಸೆಮ್ಮೆಸ್ ಹೋಗಬಹುದು. ಹೊರಬರುವ ಎರಡು ದಾರಿ ನೋಡಿಟ್ಟುಕೊಂಡೇ ಒಳಗೆ ಹೋಗಿ. ರಕ್ತದ ಗುಂಪು, ಮನೆಯವರ ನಂಬರ್ ಚೀಟಿಯಲ್ಲಿ ಬರೆದು ಕಿಸೆಯಲ್ಲಿಡಿ. ನೀವು ಮನೆಗೆ ಮರಳುವುದು ಯಾವ ಸುದ್ದಿಗಿಂತಲೂ ದೊಡ್ಡದು ಎಂದು ಸಂಪಾದಕರಿಗೂ ಹೇಳಿ.