ಎಸಿ ನೀರು ಎಲ್ಲಿಗೆ ಹೋಗುತ್ತದೆ?

ರಾತ್ರಿಯಿಡೀ ಎಸಿ ಹಾಕಿದ ಕೋಣೆಯಲ್ಲಿ ಮಲಗಿದ ಮಗು ಬೆಳಗ್ಗೆ ಎದ್ದ ಕೂಡಲೇ ಸೀನುತ್ತದೆ, ಮೂಗು ಉಜ್ಜಿಕೊಳ್ಳುತ್ತದೆ, ನಾಲ್ಕೈದು ಬಾರಿ ಕೆಮ್ಮುತ್ತದೆ. ಶಾಲೆಗೆ ಹೊರಡುವ ಹೊತ್ತಿಗೆ ಸರಿಹೋಗುತ್ತದೆ. ‘ಎಸಿ ಗಾಳಿ ಒಗ್ಗುವುದಿಲ್ಲ’ ಎಂದು ಅಜ್ಜಿ ತೀರ್ಪು ಕೊಡುತ್ತಾರೆ. ‘ಧೂಳಿನ ಅಲರ್ಜಿ’ ಎನ್ನುತ್ತಾರೆ ಅಪ್ಪ. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯ ಇರಬಹುದು. ಆದರೆ ಎಸಿಯ ಕೆಳಗೆ, ಬೀರುವಿನ ಹಿಂದಿನ ಗೋಡೆಯಲ್ಲಿ ಅಂಗೈಯಗಲದ ತೇವದ ಕಲೆಯೊಂದು ಮೂಡಿ, ಅದರ ಅಂಚಿನಲ್ಲಿ ಕಪ್ಪು ಚುಕ್ಕೆಗಳು ಹುಟ್ಟಿರುವುದನ್ನು ಯಾರೂ ನೋಡಿರುವುದಿಲ್ಲ. ಗಾಳಿಯನ್ನು ತಂಪು ಮಾಡುವ ಯಂತ್ರ ನೀರನ್ನೂ ಸುರಿಸುತ್ತದೆ. ಆ ನೀರು ಹೊರಗೆ ಹೋಗುವ ದಾರಿ ಕಟ್ಟಿದರೆ ಏನಾಗುತ್ತದೆ, ಅದನ್ನು ತಡೆಯುವುದು ಹೇಗೆ ಎಂಬುದನ್ನು ಈ ವಾರ ನೋಡೋಣ.

ಫ್ರಿಜ್ಜಿನಿಂದ ತೆಗೆದ ನೀರಿನ ಚೊಂಬು ಮೇಜಿನ ಮೇಲಿಟ್ಟ ಎರಡೇ ನಿಮಿಷದಲ್ಲಿ ಹೊರಮೈಯೆಲ್ಲ ಬೆವರುವುದನ್ನು ನೀವು ಕಂಡಿದ್ದೀರಿ. ಎಸಿಯೊಳಗಿನ ತಣ್ಣನೆಯ ಕಾಯಿಲ್ ಕೂಡ ಹೀಗೆಯೇ ಬೆವರುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಗಾಳಿ 12 ಡಿಗ್ರಿಗೆ ಇಳಿದರೆ ಹನ್ನೊಂದು ಗ್ರಾಂ ಕೂಡ ಹಿಡಿಯಲಾರದು. ಹೆಚ್ಚಾದದ್ದು ಹನಿಯಾಗಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಮಂಗಳೂರು, ಕಾರವಾರದಂಥ ಊರಿನ ಸೆಖೆಯಲ್ಲಿ ಒಂದೂವರೆ ಟನ್ನಿನ ಎಸಿಯಿಂದ ಗಂಟೆಗೆ ಒಂದರಿಂದ ಎರಡು ಲೀಟರ್ ನೀರು ಬಂದರೆ ಆಶ್ಚರ್ಯವಿಲ್ಲ. ಎಂಟು ಗಂಟೆ ನಿದ್ದೆಗೆ ಒಂದು ಬಕೆಟ್ ಎಂದು ಲೆಕ್ಕ ಹಿಡಿಯಿರಿ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಗಾಳಿಯೇ ಒಣಗಿರುವುದರಿಂದ ನೀರು ತೀರ ಕಡಿಮೆ. ಅಂದಹಾಗೆ, 1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಈ ಯಂತ್ರದ ಮೂಲರೂಪವನ್ನು ಯೋಜಿಸಿದ್ದು ಮನುಷ್ಯರನ್ನು ತಂಪಾಗಿಡಲಿಕ್ಕಲ್ಲ. ಬ್ರೂಕ್ಲಿನ್ನಿನ ಮುದ್ರಣಾಲಯವೊಂದರ ಕಾಗದ ತೇವಕ್ಕೆ ಹಿಗ್ಗಿ ಬಣ್ಣದ ಅಚ್ಚು ಕೆಡುತ್ತಿತ್ತು. ಗಾಳಿಯ ತೇವ ಹಿಂಡುವುದೇ ಅವರ ಉದ್ದೇಶವಾಗಿತ್ತು.

ಪಂಪ್ ಏಕೆ ಬೇಕು?

ಎಸಿಯ ಹಿಂಬದಿ ಹೊರಗೋಡೆಯಾಗಿದ್ದರೆ ಪಂಪ್ ಬೇಕಿಲ್ಲ. ತಟ್ಟೆಯಿಂದ ಹೊರಟ ಕೊಳವೆಗೆ ಉದ್ದಕ್ಕೂ ಇಳಿಜಾರು ಕೊಟ್ಟರೆ ನೀರು ತಾನಾಗಿ ಹೊರಗೆ ಹರಿಯುತ್ತದೆ. ಕೆಡಲು ಅಲ್ಲಿ ಯಂತ್ರವೇ ಇಲ್ಲ. ಆದರೆ ಫ್ಲ್ಯಾಟುಗಳಲ್ಲಿ ಎಸಿ ಒಳಗೋಡೆಗೆ ಬರುತ್ತದೆ, ಇಲ್ಲವೇ ಕೊಳವೆ ಬಾಗಿಲಿನ ಮೇಲಿಂದ ಹತ್ತಿ ಇಳಿಯಬೇಕಾಗುತ್ತದೆ. ನೀರು ತಾನಾಗಿ ಮೇಲೇರುವುದಿಲ್ಲವಾದ್ದರಿಂದ ಅಲ್ಲಿ ಪುಟ್ಟ ಪಂಪೊಂದನ್ನು ಕೂರಿಸುತ್ತಾರೆ. ಮೆಕ್ಯಾನಿಕ್‌ಗಳು ಇದನ್ನು ಡ್ರೈನ್ ಪಂಪ್ ಎನ್ನುತ್ತಾರೆ. ಹೊಸದಾಗಿ ಎಸಿ ಹಾಕಿಸುವವರಿಗೆ ನನ್ನ ಸಲಹೆ ಇಷ್ಟೇ: ಎಸಿಯನ್ನು ಎರಡಡಿ ಆಚೆ ಸರಿಸಿದರೆ ಪಂಪ್ ತಪ್ಪುತ್ತದೆ ಎಂದಾದರೆ ಸರಿಸಿ. ಕೋಣೆಯ ಅಂದಕ್ಕಿಂತ ಇಳಿಜಾರು ಹೆಚ್ಚು ನಂಬಿಕೆಯದು.

ಪಂಪ್ ಕೆಲಸ ಮಾಡುವ ಬಗೆ ಸರಳ. ಒಂದು ಪುಟ್ಟ ಡಬ್ಬಿಯಲ್ಲಿ ನೀರು ಸೇರುತ್ತದೆ. ಅದರೊಳಗಿನ ಫ್ಲೋಟ್, ಮಾಳಿಗೆ ಟ್ಯಾಂಕಿನ ಬಾಲ್‌ಕಾಕಿನ ಹಾಗೆ, ನೀರಿನೊಂದಿಗೆ ಮೇಲೇಳುತ್ತದೆ. ಒಂದು ಮಟ್ಟ ಮುಟ್ಟಿದಾಗ ಮೋಟಾರು ಚಾಲೂ ಆಗುತ್ತದೆ, ನೀರು ತೆಳು ಕೊಳವೆಯಲ್ಲಿ ಹೊರಗೆ ಹೋಗುತ್ತದೆ, ಫ್ಲೋಟ್ ಕೆಳಗಿಳಿದಾಗ ನಿಲ್ಲುತ್ತದೆ. ಹೋದ ನೀರು ಹಿಂದಕ್ಕೆ ಬಾರದಂತೆ ತಡೆಯಲು ಒಂದು ವಾಲ್ವ್ ಇರುತ್ತದೆ.

ಹೆಚ್ಚಿನ ತೊಂದರೆ ಮೋಟಾರಿನಿಂದ ಬರುವುದಿಲ್ಲ, ಲೋಳೆಯಿಂದ ಬರುತ್ತದೆ. ಕೋಣೆಯ ಧೂಳು, ಬಟ್ಟೆಯ ನೂಲು, ಊದಿನಕಡ್ಡಿಯ ಹೊಗೆ, ಅಡಿಗೆಮನೆಯ ಜಿಡ್ಡು ಎಲ್ಲವೂ ಕಾಯಿಲ್‌ಗೆ ಅಂಟಿ ನೀರಿನೊಂದಿಗೆ ತಟ್ಟೆಗೆ ಇಳಿಯುತ್ತವೆ. ಕತ್ತಲೆ, ತೇವ, ಆಹಾರ ಮೂರೂ ಒಂದೆಡೆ ಸಿಕ್ಕಿದ ಬ್ಯಾಕ್ಟೀರಿಯಾಗಳು ಅಲ್ಲಿ ಮನೆ ಮಾಡಿ ಗಂಜಿಯಂಥ ಲೋಳೆ ಕಟ್ಟುತ್ತವೆ. ಫ್ಲೋಟ್ ಲೋಳೆಗೆ ಅಂಟಿ ಕೆಳಗೇ ಉಳಿದರೆ ಪಂಪ್ ಚಾಲೂ ಆಗುವುದಿಲ್ಲ. ಮೇಲೆ ಸಿಕ್ಕಿಕೊಂಡರೆ ನೀರಿಲ್ಲದೆಯೂ ಓಡಿ ಮೋಟಾರು ಸುಡುತ್ತದೆ. ಬಯಲುಸೀಮೆಯ ಕಡೆ ಇನ್ನೊಂದು ರೀತಿ. ತಿಂಗಳುಗಟ್ಟಲೆ ನಿಂತ ಎಸಿಯ ಪಂಪಿನಲ್ಲಿ ಲೋಳೆ ಒಣಗಿ ಅಂಟಿನಂತಾಗುತ್ತದೆ. ಬೇಸಿಗೆಯ ಮೊದಲ ದಿನವೇ ಪಂಪ್ ಕೈಕೊಡುವುದು ಇದೇ ಕಾರಣಕ್ಕೆ.

ಶಬ್ದದಿಂದ ಬಹಳಷ್ಟು ತಿಳಿಯುತ್ತದೆ. ಆಗೊಮ್ಮೆ ಈಗೊಮ್ಮೆ ಗುಂಯ್ ಎಂದು ನಿಂತರೆ ಸರಿಯಾಗಿದೆ ಎಂದರ್ಥ. ನಿಂತ ಕೆಲವೇ ಸೆಕೆಂಡಿಗೆ ಮತ್ತೆ ಚಾಲೂ ಆಗುತ್ತಿದ್ದರೆ ವಾಲ್ವಿನಲ್ಲಿ ಕಸ ಸಿಕ್ಕಿ ನೀರು ಹಿಂದಕ್ಕೆ ಬರುತ್ತಿರಬಹುದು. ಬಿಡದೆ ಗಡಗಡ ಎನ್ನುತ್ತಿದ್ದರೆ ನೀರಿಲ್ಲದೆ ಓಡುತ್ತಿದೆ. ಎಸಿ ಗಂಟೆಗಟ್ಟಲೆ ಓಡಿದರೂ ಸದ್ದೇ ಇಲ್ಲವೆಂದರೆ, ಅದೂ ಮಳೆಗಾಲದಲ್ಲಿ, ಎದ್ದು ನೋಡಿ.

ಕೆಲವೊಮ್ಮೆ ಕಾರಣ ನಗು ತರಿಸುವಂಥದ್ದು. ಪಂಪಿಗೆ ಪ್ರತ್ಯೇಕ ಪ್ಲಗ್ ಕೊಟ್ಟಿರುತ್ತಾರೆ. ಮನೆಗೆ ಬಂದ ನೆಂಟರು ಮೊಬೈಲ್ ಚಾರ್ಜ್ ಮಾಡಲು ಆ ಪ್ಲಗ್ ಕಿತ್ತು ತಮ್ಮದನ್ನು ಹಾಕುತ್ತಾರೆ. ಎಸಿ ಎಂದಿನಂತೆ ಓಡುತ್ತದೆ, ಪಂಪ್ ಸುಮ್ಮನಿರುತ್ತದೆ. ಮಧ್ಯರಾತ್ರಿ ನುಣುಪಾದ ಟೈಲ್ಸ್ ಮೇಲೆ ನಿಂತ ಆ ನೀರಿನಲ್ಲಿ ಬಚ್ಚಲಿಗೆ ಎದ್ದ ಅಜ್ಜ ಕಾಲಿಟ್ಟರೆ ಮಾತ್ರ ನಗುವ ಸಂಗತಿಯಲ್ಲ. ಎಪ್ಪತ್ತು ದಾಟಿದವರಿಗೆ ಸೊಂಟದ ಕೀಲಿನ ಬಳಿ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುವ ಪ್ರಸಂಗ. ನೀರು ಸ್ವಿಚ್‌ಬೋರ್ಡಿನ ಮೇಲೆ ಇಳಿದರೆ ಅಪಾಯ ಬೇರೆಯೇ. ಆ ಪ್ಲಗ್ಗಿನ ಮೇಲೆ ‘ಕೀಳಬೇಡಿ’ ಎಂದು ಚೀಟಿ ಅಂಟಿಸಿ.

ಇಲ್ಲಿ ಒಂದು ಮುಖ್ಯ ವಿಷಯ. ಬಹುತೇಕ ಪಂಪುಗಳಲ್ಲಿ ಮೋಟಾರಿನ ವೈರುಗಳಲ್ಲದೆ ಇನ್ನೆರಡು ವೈರುಗಳಿರುತ್ತವೆ. ನೀರು ಅಪಾಯದ ಮಟ್ಟಕ್ಕೆ ಏರಿದರೆ ಎಸಿಯ ತಂಪನ್ನೇ ನಿಲ್ಲಿಸುವ ಸುರಕ್ಷಾ ಸ್ವಿಚ್ಚಿನ ವೈರುಗಳಿವು. ಜೋಡಿಸಲು ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆಂದು ಕೆಲವರು ಇವನ್ನು ಟೇಪ್ ಸುತ್ತಿ ಒಳಗೆ ತುರುಕಿಬಿಡುತ್ತಾರೆ. ಪಂಪ್ ಎಂದಾದರೂ ಕೆಡುವುದೇ. ಕೆಟ್ಟ ದಿನ ನೀರು ನಿಮ್ಮ ಗೋಡೆಗೆ ಇಳಿಯಬೇಕೇ, ಎಸಿ ನಿಂತು ನಿಮ್ಮನ್ನು ಎಬ್ಬಿಸಬೇಕೇ ಎಂಬುದನ್ನು ಈ ಎರಡು ವೈರುಗಳು ನಿರ್ಧರಿಸುತ್ತವೆ. ಸರ್ವಿಸ್‌ಗೆ ಬಂದವರ ಹತ್ತಿರ, ಪಂಪನ್ನು ಬೇಕೆಂದೇ ನಿಲ್ಲಿಸಿ ತಟ್ಟೆಗೆ ನೀರು ತುಂಬಿಸಿ ತೋರಿಸಲು ಹೇಳಿ. ಫ್ಯಾನ್ ತಿರುಗಿದರೆ ತಿರುಗಲಿ, ತಂಪಾಗುವುದು ನಿಲ್ಲಬೇಕು. ನಿಲ್ಲದಿದ್ದರೆ ಹಣ ಕೊಡುವ ಮುನ್ನ ಜೋಡಿಸಿಕೊಳ್ಳಿ.

ಒಂದು ಲೀಟರ್ ನೀರಿನ ಪರೀಕ್ಷೆ

ಎಸಿ ದಿನವೂ ಓಡುವ ದಿನಗಳಲ್ಲಿ ತಿಂಗಳಿಗೊಮ್ಮೆ ಹೀಗೆ ಮಾಡಿ. ಎಸಿ ಆಫ್ ಮಾಡಿ, ಪಂಪಿನ ವಿದ್ಯುತ್ ಮಾತ್ರ ಇರಲಿ. ಅದನ್ನು ಎಸಿಯ ಲೈನಿನಿಂದಲೇ ಕೊಟ್ಟಿದ್ದರೆ ಗೋಡೆಯ ಸ್ವಿಚ್ ಹಾಕಿಟ್ಟು ರಿಮೋಟಿನಿಂದ ಮಾತ್ರ ನಿಲ್ಲಿಸಿ. ಮುಂಭಾಗ ತೆರೆದು ಫಿಲ್ಟರ್ ತೆಗೆದು, ತಟ್ಟೆಗೆ ಒಂದು ಲೀಟರ್ ನೀರನ್ನು ನಿಧಾನವಾಗಿ, ವೈರುಗಳಿರುವ ಬದಿಗೆ ತಾಗದಂತೆ ಸುರಿಯಿರಿ. ಪಂಪಿನ ಸದ್ದು ಕೇಳಬೇಕು. ಹೊರಗೆ ಕೊಳವೆಯ ತುದಿಯಲ್ಲಿ ನಿಂತವರಿಗೆ ನೀರು ಕಾಣಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೆ ಮೆಕ್ಯಾನಿಕ್‌ಗೆ ಹೇಳಿ. ತಟ್ಟೆ ಕೈಗೆಟುಕದ, ಸೀಲಿಂಗಿನೊಳಗಿನ ಎಸಿಯಾದರೆ ಈ ಕೆಲಸಕ್ಕೆ ನೀವು ಏಣಿ ಹತ್ತುವುದು ಬೇಡ.

ವರ್ಷಕ್ಕೆರಡು ಬಾರಿ, ಫೆಬ್ರವರಿಯಲ್ಲೊಮ್ಮೆ, ಮಳೆಗಾಲದ ನಡುವೆ ಇನ್ನೊಮ್ಮೆ, ಡಬ್ಬಿ ಬಿಚ್ಚಿ ತೊಳೆಸಬೇಕು. ಕರಾವಳಿಯವರು ಇನ್ನೂ ಒಂದು ಬಾರಿ ಸೇರಿಸಿಕೊಳ್ಳಿ. ಆಗ ಮಾತ್ರ ಮೇನ್ ಸ್ವಿಚ್ಚನ್ನೇ ಆಫ್ ಮಾಡಬೇಕು. ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಫ್ಲೋಟ್ ತೆಗೆಯುವಾಗ ಯಾವ ಬದಿ ಮೇಲಿತ್ತು ಎಂದು ಗುರುತಿಟ್ಟುಕೊಳ್ಳಿ. ಕೆಲವದರಲ್ಲಿ ಒಂದು ಬದಿಗೆ ಅಯಸ್ಕಾಂತ ಇರುತ್ತದೆ, ತಲೆಕೆಳಗಾಗಿ ಕೂರಿಸಿದರೆ ಒಳ್ಳೆಯ ಪಂಪೂ ಸತ್ತಂತೆ. ಬಚ್ಚಲು ತೊಳೆಯುವ ಆಸಿಡ್ ಇಲ್ಲಿಗೆ ಸಲ್ಲದು. ಅದು ಕಾಯಿಲ್ ಮತ್ತು ಪಂಪ್ ಎರಡನ್ನೂ ತಿನ್ನುತ್ತದೆ. ಆಸಿಡ್ ಅಥವಾ ವಿನೆಗರನ್ನು ಬ್ಲೀಚಿನೊಂದಿಗೆ ಬೆರೆಸಿದರಂತೂ ಕ್ಲೋರಿನ್ ಅನಿಲ ಹೊರಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಶ್ವಾಸಕೋಶಕ್ಕೆ ವಿಷ.

ಬಾಲ್ಕನಿಯ ಬಕೆಟ್

ಪಂಪ್ ಸರಿಯಾಗಿದ್ದರೂ ಅದು ಹೊರಹಾಕಿದ ನೀರು ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು. ಕೆಳಮನೆಯವರ ಸಜ್ಜಾದ ಮೇಲೋ, ಬಾಲ್ಕನಿಯ ಮೂಲೆಯಲ್ಲಿಟ್ಟ ಬಕೆಟ್ಟಿನಲ್ಲೋ ನಿಂತ ತಿಳಿನೀರು ಈಡಿಸ್ ಸೊಳ್ಳೆಗೆ ಅಚ್ಚುಮೆಚ್ಚು. ಡೆಂಗಿ, ಚಿಕೂನ್‌ಗುನ್ಯ ಹರಡುವ ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚನೆಯ ದಿನಗಳಲ್ಲಿ ಸುಮಾರು ಏಳರಿಂದ ಹತ್ತು ದಿನ ಸಾಕು. ಅದು ಮೊಟ್ಟೆಯಿಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಬಕೆಟ್ಟಿನ ಗೋಡೆಗೆ. ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ನೀರು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ ಒಳಗೋಡೆಯನ್ನು ಒರಟು ಬ್ರಷ್ಷಿನಿಂದ ಉಜ್ಜಿ ಬಿಸಿಲಿಗೆ ಬೋರಲು ಹಾಕಬೇಕು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಡುವವರಿಗೆ ದಂಡ ವಿಧಿಸುವ ನಿಯಮ ತಂದದ್ದು ನೆನಪಿರಲಿ. ನೀರನ್ನು ಕೊಳವೆಯಲ್ಲೇ ನೇರವಾಗಿ ಮೋರಿಗೆ ಬಿಡುವುದು ಎಲ್ಲಕ್ಕಿಂತ ಉತ್ತಮ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದು ಡೆಂಗಿಯ ಶಂಕೆಯಿದ್ದರೆ ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಜ್ವರ ಇಳಿದ ಮೇಲೂ ಮಂಪರು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ರಾಯಚೂರು, ಕಲಬುರಗಿ ಕಡೆಯ ನೀರಿನ ಕೂಲರುಗಳಿಗೂ ಈ ಮಾತು ಅನ್ವಯ. ಅಲ್ಲಿ ನೀರು ಹುಟ್ಟುವುದಿಲ್ಲ, ನಾವೇ ತುಂಬುತ್ತೇವೆ ಎಂಬುದಷ್ಟೇ ವ್ಯತ್ಯಾಸ. ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ಒಣಗಿಸಿ. ಪ್ಲಗ್ ಕೀಳದೆ ಟ್ಯಾಂಕಿಗೆ ಕೈ ಹಾಕಬೇಡಿ.

ಎಸಿ ನೀರು ಬಟ್ಟಿ ಇಳಿಸಿದ ನೀರೇ ತಾನೇ, ವ್ಯರ್ಥವೇಕೆ ಎಂದು ಕೇಳುವವರಿದ್ದಾರೆ. ಹುಟ್ಟುವಾಗ ಹಾಗೆಯೇ ಸರಿ. ಕಾಯಿಲ್‌ನ ಧೂಳು, ಲೋಹದ ಕಣ, ತಟ್ಟೆಯ ಲೋಳೆ ದಾಟಿ ಬರುವಷ್ಟರಲ್ಲಿ ಅದು ಆ ಮರ್ಯಾದೆ ಕಳೆದುಕೊಂಡಿರುತ್ತದೆ. ನೆಲ ಒರೆಸಲು, ಕಕ್ಕಸಿಗೆ ಸುರಿಯಲು ಧಾರಾಳವಾಗಿ ಬಳಸಿ. ಕುಡಿಯಲು ಬೇಡ. ಆಸ್ತಮಾ ರೋಗಿಯ ನೆಬ್ಯುಲೈಸರಿಗೆ, ಗಾಳಿಗೆ ತೇವ ಕೊಡುವ ಯಂತ್ರಕ್ಕೆ ಎಂದಿಗೂ ಬೇಡ.

ಭಯ ಎಷ್ಟು, ಎಚ್ಚರ ಎಷ್ಟು?

1976ರ ಜುಲೈಯಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶ ನಡೆದ ಬೆನ್ನಿಗೇ ವಿಚಿತ್ರ ನ್ಯುಮೋನಿಯಾ ಕಾಣಿಸಿಕೊಂಡು 34 ಮಂದಿ ಸತ್ತರು. ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾ 1977ರ ಜನವರಿಯಲ್ಲಿ ಪತ್ತೆಯಾಯಿತು. ಗುಮಾನಿ ಹೋಟೆಲಿನ ಹವಾನಿಯಂತ್ರಣ ವ್ಯವಸ್ಥೆಯ ಮೇಲಿತ್ತು. ಅಂದಿನಿಂದ ‘ಎಸಿ ಕಾಯಿಲೆ’ ಎಂಬ ಹೆದರಿಕೆ ಉಳಿದಿದೆ. ಆ ರೋಗಾಣು ಬೆಳೆಯುವುದು ಬೆಚ್ಚನೆಯ ನೀರಿನಲ್ಲಿ, ಹರಡುವುದು ನೀರು ಸೂಕ್ಷ್ಮ ತುಂತುರಾಗಿ ಗಾಳಿಗೆ ಸೇರಿದಾಗ. ದೊಡ್ಡ ಕಟ್ಟಡಗಳ ಕೂಲಿಂಗ್ ಟವರುಗಳಲ್ಲಿ ಇವೆರಡೂ ಕೂಡಿಬರುತ್ತವೆ. ಮನೆಯ ಸ್ಪ್ಲಿಟ್ ಎಸಿಯ ನೀರು ತಣ್ಣಗಿದ್ದು ಸುಮ್ಮನೆ ಇಳಿದುಹೋಗುತ್ತದೆ. ಆ ದಿಗಿಲು ನಿಮಗೆ ಬೇಡ.

ಬೂಷ್ಟಿನ ಮಾತು ಬೇರೆ. ಗೋಡೆಯ ಗಾರೆ, ಹಲಗೆ, ಹಾಸಿಗೆ ಒದ್ದೆಯಾಗಿ ಒಂದೆರಡು ದಿನದೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಬ್ಬಸ, ಕೆಮ್ಮು, ಆಸ್ತಮಾ ಹೆಚ್ಚು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕಲೆಯ ಮೇಲೆ ಬಣ್ಣ ಬಳಿದರೆ ಅದು ಮರೆಯಾಗುತ್ತದೆ, ಹೋಗುವುದಿಲ್ಲ. ಮೊದಲು ನೀರು ನಿಲ್ಲಿಸಿ. ಬೀರು ಸರಿಸಿ, ಕಿಟಕಿ ತೆರೆದು, ಫ್ಯಾನ್ ಹಾಕಿ ಗೋಡೆ ಪೂರ್ತಿ ಒಣಗಿಸಿ. ಬೂಷ್ಟನ್ನು ಒಣ ಪೊರಕೆಯಲ್ಲಿ ಕೆರೆದರೆ ಅದರ ಬೀಜಕಣಗಳು ಕೋಣೆ ತುಂಬುತ್ತವೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಸೋಪು ನೀರಿನ ಒದ್ದೆ ಬಟ್ಟೆಯಿಂದ ಒರೆಸಿ. ಆಸ್ತಮಾ ಇರುವವರು ಆಗ ಮನೆಯ ಹೊರಗಿರಲಿ.

ಇನ್ನು ಬೆಳಗ್ಗೆ ಸೀನುವ ಆ ಮಗುವನ್ನು ಒಂದು ವಾರ ಬೇರೆ ಕೋಣೆಯಲ್ಲಿ ಮಲಗಿಸಿ ನೋಡಿ. ಕೆಮ್ಮು ಕಡಿಮೆಯಾಯಿತೇ, ಹಿಂದಿರುಗಿದಾಗ ಮರುಕಳಿಸಿತೇ ಎಂದು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ. ಮಗುವಿನ ಎದೆಯಲ್ಲಿ ಸಿಳ್ಳೆಯಂಥ ಸದ್ದು ಕೇಳಿಸಿದರೆ, ಉಸಿರಾಡುವಾಗ ಪಕ್ಕೆ ಒಳಗೆ ಸೆಳೆದಂತೆ ಕಂಡರೆ ವಾರ ಕಾಯದೆ ಅಂದೇ ಕರೆದುಕೊಂಡು ಹೋಗಿ.