ಸೌತ್ ಹೆಡ್‌ಲ್ಯಾಂಡ್

ಆಸ್ಟ್ರೇಲಿಯದ ವಾಯವ್ಯ ಕರಾವಳಿಯಲ್ಲಿ, ಪರ್ತ್ ನಗರದಿಂದ ರಸ್ತೆಯ ಮಾರ್ಗವಾಗಿ ಸುಮಾರು 1,600 ಕಿಲೋಮೀಟರ್ ದೂರದಲ್ಲಿ, ಪೋರ್ಟ್ ಹೆಡ್‌ಲ್ಯಾಂಡ್ ಎಂಬ ಬಂದರು ಪಟ್ಟಣವಿದೆ. ಅದರ ಹಿಂದೆ ಹರಡಿರುವ ಪಿಲ್ಬರಾ ಪ್ರದೇಶದ ನೆಲವೆಲ್ಲ ಕೆಂಪು. ಆ ಕೆಂಪು ಬಣ್ಣವು ನೆಲದೊಳಗಿನ ಕಬ್ಬಿಣದ ಗುರುತು.

1938ರಲ್ಲಿ ಆಸ್ಟ್ರೇಲಿಯ ಸರ್ಕಾರವು ಕಬ್ಬಿಣದ ಅದಿರಿನ ರಫ್ತನ್ನು ನಿಷೇಧಿಸಿತ್ತು. 1960ರಲ್ಲಿ ಆ ನಿರ್ಬಂಧ ಸಡಿಲವಾದೊಡನೆ ಗಣಿಗಳು ತೆರೆದವು. 1966ರಲ್ಲಿ ಅದಿರು ಹೊತ್ತ ಮೊದಲ ಹಡಗು ಈ ಬಂದರಿನಿಂದ ಹೊರಟಿತು. 1969ರಲ್ಲಿ ನ್ಯೂಮನ್ ಗಣಿಯಿಂದ 426 ಕಿಲೋಮೀಟರ್ ಉದ್ದದ ರೈಲುಮಾರ್ಗ ಸಿದ್ಧವಾಯಿತು. ಕೆಲಸವನ್ನರಸಿ ಜನರು ಬಂದರು. ಆದರೆ ಅವರಿಗೆ ಮನೆ ಕಟ್ಟಲು ಸ್ಥಳವೆಲ್ಲಿ? ಹಳೆಯ ಊರು ಉಬ್ಬರದ ನೀರು ನುಗ್ಗುವ ಜೌಗು ನೆಲದ ನಡುವೆ ಇಕ್ಕಟ್ಟಾಗಿತ್ತು. ಆದ್ದರಿಂದ ಸುಮಾರು 15 ಕಿಲೋಮೀಟರ್ ಒಳಗೆ, ಬಯಲಿನಲ್ಲಿ, ಸೌತ್ ಹೆಡ್‌ಲ್ಯಾಂಡ್ ಎಂಬ ಬಡಾವಣೆ ತಲೆಯೆತ್ತಿತು.

ಆ ಬಯಲು ಬರಿದಾಗಿರಲಿಲ್ಲ. ಅದು ಕರಿಯಾರಾ ಎಂಬ ಮೂಲನಿವಾಸಿಗಳ ನಾಡು. ಕುರಿಸಾಕಣೆಯ ಕ್ಷೇತ್ರಗಳಲ್ಲಿ ಅತ್ಯಲ್ಪ ಕೂಲಿಗೆ ದುಡಿಯುತ್ತಿದ್ದ ಪಿಲ್ಬರಾದ ಮೂಲನಿವಾಸಿಗಳು 1946ರ ಮೇ 1ರಂದು ನ್ಯಾಯವಾದ ವೇತನಕ್ಕಾಗಿ ಮುಷ್ಕರ ಹೂಡಿದ್ದರು. ಕರಿಯಾರಾ ಜನರಿಗೆ ತಮ್ಮ ನೆಲದ ಮೇಲಿರುವ ಪಾರಂಪರಿಕ ಹಕ್ಕನ್ನು ನ್ಯಾಯಾಲಯ ಮನ್ನಿಸಿದ್ದು 2018ರಲ್ಲಿ.

ಹೊಸ ಬಡಾವಣೆಯನ್ನು ಅಮೆರಿಕದ ರ‍್ಯಾಡ್‌ಬರ್ನ್ ಎಂಬ ಊರಿನ ಮಾದರಿಯಲ್ಲಿ ರೂಪಿಸಲಾಯಿತು. ಮನೆಗಳ ಮುಖ ಉದ್ಯಾನದ ಕಡೆಗೆ, ಬೆನ್ನು ರಸ್ತೆಯ ಕಡೆಗೆ. ವಾಹನಗಳ ಭಯವಿಲ್ಲದೆ ಮಕ್ಕಳು ನಡೆದಾಡಬೇಕೆಂಬುದು ಅದರ ಉದ್ದೇಶ. ಉದ್ದೇಶ ಒಳ್ಳೆಯದೇ; ಆದರೆ ಸುಡುಬಿಸಿಲಿನ ಆ ನಾಡಿನಲ್ಲಿ ಹಸಿರನ್ನು ಉಳಿಸುವುದು ಸುಲಭವಲ್ಲ. ಎತ್ತರದ ಬೇಲಿಗಳ ನಡುವಣ ಕಾಲುದಾರಿಗಳು ನಿರ್ಜನವಾದವು. ರಾತ್ರಿ ಅಲ್ಲಿ ನಡೆಯಲು ಜನ ಅಂಜಿದರು. ಕೊನೆಗೆ ಹಲವು ಬೀದಿಗಳನ್ನು ಮತ್ತೆ ತಿದ್ದಬೇಕಾಯಿತು.

ಸಂಪತ್ತೂ ಕೆಲವೊಮ್ಮೆ ಸಂಕಟವನ್ನು ತರುತ್ತದೆ. 2012ರ ಸುಮಾರಿಗೆ ಅದಿರಿನ ಬೇಡಿಕೆ ಏರಿದ್ದಾಗ ಇಲ್ಲಿ ಮನೆಗಳ ಬಾಡಿಗೆ ವಾರಕ್ಕೆ 2,000 ಡಾಲರಿನವರೆಗೂ ಹೋಗಿತ್ತು. ಗಣಿಯ ಸಂಬಳವಿಲ್ಲದ ಸಾಮಾನ್ಯ ನೌಕರರಿಗೆ ಅದು ಎಟುಕದಾಯಿತು. ಬೇಡಿಕೆ ಕುಗ್ಗಿದಾಗ ಬಾಡಿಗೆಯೂ ಕುಸಿಯಿತು. ಸಾಲ ಮಾಡಿ ಮನೆ ಕೊಂಡವರು ಕಂಗೆಟ್ಟರು.

ಎರಡು ಕಿಲೋಮೀಟರಿಗೂ ಉದ್ದವಾದ ಅದಿರಿನ ರೈಲುಗಳು ಇಂದಿಗೂ ಬಂದರಿಗೆ ಸಾಗುತ್ತಿವೆ. ಅದಿರು ಕಡಲು ದಾಟಿ ಹೋಗುತ್ತದೆ, ಜನರು ಉಳಿಯುತ್ತಾರೆ. ಅವರಿಗೆ ಬೇಕಾದುದು ಶಾಲೆ, ಆಸ್ಪತ್ರೆ, ನೆರಳು ಮತ್ತು ನೆರೆಹೊರೆ. ಗಣಿಯನ್ನು ಕೆಲವೇ ವರ್ಷಗಳಲ್ಲಿ ತೆರೆಯಬಹುದು. ಊರು ಮಾತ್ರ ಅಲ್ಲಿ ಬಾಳುವವರ ಕೈಯಲ್ಲಿ ನಿಧಾನವಾಗಿಯೇ ಬೆಳೆಯಬೇಕು.