ಗೆದ್ದವರ ಮನೆ, ಸೋತವರ ಹೆಸರು: ಪಣಜಿಯ ಆದಿಲ್‌ಶಾಹಿ ಅರಮನೆ

ಗೋವೆಯ ಪಣಜಿಯಲ್ಲಿ ಮಾಂಡೋವಿ ನದಿಗೆ ಮುಖಮಾಡಿ ನಿಂತಿರುವ ಹಳೆಯ ಸಚಿವಾಲಯವನ್ನು ಜನರು ಇಂದಿಗೂ ಆದಿಲ್‌ಶಹನ ಅರಮನೆ ಎಂದೇ ಕರೆಯುತ್ತಾರೆ. ವಿಜಾಪುರದ ಸುಲ್ತಾನರು, ಪೋರ್ಚುಗೀಸ್ ವೈಸರಾಯರು, ಸ್ವತಂತ್ರ ಭಾರತದ ಶಾಸಕರು ಒಬ್ಬರಾದ ಮೇಲೊಬ್ಬರು ಈ ಸ್ಥಳದಿಂದ ಅಧಿಕಾರ ನಡೆಸಿದರು. ಹಾಗಿದ್ದೂ ಮೊದಲ ಒಡೆಯನ ಹೆಸರೇ ಉಳಿದುಬಂದದ್ದು ಭಾಷಾ ವಿದ್ಯಾರ್ಥಿಗಳ ಕುತೂಹಲಕ್ಕೆ ವಿಷಯವಾಗಬೇಕು.

ಬಹಮನಿ ರಾಜ್ಯದ ಸರದಾರನಾಗಿದ್ದ ಯೂಸುಫ್ ಆದಿಲ್ ಖಾನನು 1490ರ ಸುಮಾರಿಗೆ ವಿಜಾಪುರದಲ್ಲಿ ಸ್ವತಂತ್ರನಾದನು. ಗೋವೆ ಅವನ ರಾಜ್ಯದ ಮುಖ್ಯ ಬಂದರು. ನದೀಮುಖದ ಕಾವಲಿಗೂ ಬೇಸಿಗೆಯ ವಾಸಕ್ಕೂ ಅನುಕೂಲವಾಗುವಂತೆ ಪಣಜಿಯಲ್ಲಿ ಕೋಟೆಸಹಿತವಾದ ಅರಮನೆಯೊಂದು ಎದ್ದಿತು. 1510ರಲ್ಲಿ ಅಫೊನ್ಸೊ ದ ಆಲ್ಬುಕರ್ಕ್ ಗೋವೆಯನ್ನು ಒಮ್ಮೆ ಗೆದ್ದು, ಕಳೆದುಕೊಂಡು, ನವೆಂಬರಿನಲ್ಲಿ ಮತ್ತೆ ವಶಪಡಿಸಿಕೊಂಡನು.

ಆನಂತರದ ಎರಡು ಶತಮಾನಗಳ ಕಾಲ ಪೋರ್ಚುಗೀಸರ ವೈಭವವೆಲ್ಲ ಮೇಲ್ದಂಡೆಯ ಹಳೆಯ ಗೋವೆಯಲ್ಲಿತ್ತು. ಬೊಮ್ ಜೀಸಸ್ ಬೆಸಿಲಿಕಾದಂಥ ಬರೋಕ್ ಶೈಲಿಯ ಇಗರ್ಜಿಗಳು ತಲೆಯೆತ್ತಿದ್ದು ಅಲ್ಲಿಯೇ. ಸಾಂಕ್ರಾಮಿಕ ರೋಗಗಳು ಆ ನಗರವನ್ನು ಬರಿದುಗೊಳಿಸಿದಾಗ ವೈಸರಾಯರು ಅಲ್ಲಿಂದ ಹೊರಬಿದ್ದರು. 1759ರಲ್ಲಿ ಪಣಜಿಯ ಹಳೆಯ ಅರಮನೆಯನ್ನೇ ತಮ್ಮ ನಿವಾಸವಾಗಿಸಿಕೊಂಡರು. ಹಲವು ಸಲ ತಿದ್ದಿ ಕಟ್ಟಿದ ಈ ಸೌಧದಲ್ಲಿ ಇಗರ್ಜಿಗಳ ಅಲಂಕಾರವಿಲ್ಲ. ಇಳಿಜಾರಾದ ಹೆಂಚಿನ ಮಾಡು, ಅಗಲವಾದ ಮೊಗಸಾಲೆಗಳು, ಅಷ್ಟೆ. 1843ರಲ್ಲಿ ಪಣಜಿ ಅಧಿಕೃತವಾಗಿ ರಾಜಧಾನಿಯಾಯಿತು. 1918ರಲ್ಲಿ ಗವರ್ನರರ ವಾಸ ಕಾಬೊ ಭೂಶಿರಕ್ಕೆ ಸಾಗಿದ ಮೇಲೆ ಇದು ಸರಕಾರಿ ಕಚೇರಿಯಾಗಿ ಉಳಿಯಿತು.

ಹೆಸರಿನ ಸೋಜಿಗವಿರುವುದು ಇಲ್ಲಿ. ಪೋರ್ಚುಗೀಸರು ವಿಜಾಪುರದ ಯಾವ ಅರಸನನ್ನಾದರೂ 'ಇದಲ್ಕಾಂವ್' ಎಂದೇ ಕರೆಯುತ್ತಿದ್ದರು. ಇದು 'ಆದಿಲ್ ಖಾನ್' ಎಂಬ ಬಿರುದಿನ ರೂಪಾಂತರ. ಅವರ ನುಡಿಯಲ್ಲಿ ಮಹಾಪ್ರಾಣವಿಲ್ಲದುದರಿಂದ 'ಖ'ಕಾರವು 'ಕ'ಕಾರವಾಯಿತು. ಪದಾಂತ್ಯದ 'ನ'ಕಾರ ಕರಗಿ ಸ್ವರ ಅನುನಾಸಿಕವಾಯಿತು. ವೈಸರಾಯರು ವಾಸಿಸಿದ ಮನೆಯೂ 'ಇದಲ್ಕಾಂವನ ಅರಮನೆ' ಎಂದೇ ಉಳಿಯಿತು. ಯಾರಿಂದ ಊರನ್ನು ಕಸಿದುಕೊಂಡರೋ ಅವರ ಹೆಸರಿನ ಮನೆಯಲ್ಲಿಯೇ ಗೆದ್ದವರು ಒಂದೂವರೆ ಶತಮಾನ ಕಾಲ ಬಾಳಿದರು.

1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಗೊಂಡಿತು. ಮುಂದೆ ಇದೇ ಕಟ್ಟಡದಲ್ಲಿ ವಿಧಾನಸಭೆ ಸೇರಿತು. ಪೋರ್ಚುಗೀಸ್ ಆಜ್ಞೆಗಳು ಹೊರಟಿದ್ದ ಮನೆಯಲ್ಲಿ ಜನರ ನುಡಿ ಯಾವುದೆಂಬ ವಾದ ನಡೆಯಿತು. 1987ರ ಫೆಬ್ರವರಿಯಲ್ಲಿ ಅಂಗೀಕಾರಗೊಂಡ ಕಾಯಿದೆಯು ದೇವನಾಗರಿ ಲಿಪಿಯ ಕೊಂಕಣಿಯನ್ನು ರಾಜಭಾಷೆಯನ್ನಾಗಿಸಿ, ಮರಾಠಿಯ ಬಳಕೆಗೂ ಅವಕಾಶವಿತ್ತಿತು. ವಿಧಾನಸಭೆ 2000ರಲ್ಲಿ ಪರ್ವರಿಗೆ ಸ್ಥಳಾಂತರಗೊಂಡಿತು.

ಗಡಿನಾಡಿನ ವಿದ್ಯಾರ್ಥಿಗೆ ಇದರಿಂದ ದೊರೆಯುವ ಪಾಠ ಸರಳ. ಶಾಸನ, ಬಖೈರುಗಳಂತೆ ಸ್ಥಳನಾಮವೂ ಒಂದು ದಾಖಲೆ. ಒಂದೇ ವಾಡೆಗೆ, ಕೆರೆಗೆ, ಅಗಸೆಗೆ ಕನ್ನಡದಲ್ಲೊಂದು, ಮರಾಠಿಯಲ್ಲೊಂದು, ಸರಕಾರಿ ಕಾಗದದಲ್ಲೊಂದು ಹೆಸರಿರುವ ಊರುಗಳು ನಮ್ಮ ಸುತ್ತ ಹಲವಿವೆ. ಯಾವ ಹೆಸರು ಸರಿ ಎಂದು ಜಗಳಕ್ಕೆ ನಿಲ್ಲುವ ಮುನ್ನ, ಪ್ರತಿಯೊಂದನ್ನೂ ಯಾರು, ಯಾವಾಗ, ಯಾವ ನುಡಿಯ ನಾಲಿಗೆಯಿಂದ ಉಚ್ಚರಿಸಿದರೆಂದು ಬರೆದಿಟ್ಟುಕೊಳ್ಳುವುದು ಅಧ್ಯಯನದ ಮೊದಲ ಹೆಜ್ಜೆ. ಹೇಳುವ ಹಿರಿಯರು ಇರುವಾಗಲೇ ಆ ಕೆಲಸ ಆಗಬೇಕಾಗಿದೆ.